ಬೆಣ್ಣೆ ಮತ್ತು ಕರುವಿನ ಪಾಲು

ಶಹಾಪುರ ತಾಲೂಕಿನ ವನದುರ್ಗದಂಥ ಊರುಗಳ ಒಕ್ಕಲು ಮನೆಗಳಲ್ಲಿ ಮಜ್ಜಿಗೆ ಕಡೆಯುವುದು ನಸುಕಿನ ಕೆಲಸ. ಆ ಬಿಸಿಲ ಸೀಮೆಯಲ್ಲಿ ಹೊತ್ತೇರಿದರೆ ಬೆಣ್ಣೆ ಮೆತ್ತಗಾಗಿ ಕಾಳು ಕಟ್ಟುವುದಿಲ್ಲ. ಹಿಂದಿನ ರಾತ್ರಿ ಹೆಪ್ಪು ಹಾಕಿದ ಮೊಸರನ್ನು ಗಡಿಗೆಗೆ ಸುರಿದು, ಕಂಬದ ಆಸರೆಯಲ್ಲಿ ನಿಲ್ಲಿಸಿದ ಕಡಗೋಲಿಗೆ ಹಗ್ಗ ಸುತ್ತಿ, ಎರಡೂ ಕೈಗಳಿಂದ ಸರದಿಯಂತೆ ಎಳೆಯುತ್ತಾರೆ. ಬೆಣ್ಣೆ ಕಾಳುಕಾಳಾಗಿ ತೇಲಿದಾಗ ತಣ್ಣೀರು ಚಿಮುಕಿಸಿ ಮುದ್ದೆ ಕಟ್ಟುತ್ತಾರೆ. ಮಜ್ಜಿಗೆ ಕೇಳಿ ಬಂದವರನ್ನು ಬರಿಗೈಯಲ್ಲಿ ಕಳುಹಿಸುವ ವಾಡಿಕೆಯಿಲ್ಲ. ಬೆಣ್ಣೆ ಸಂತೆಯ ಖರ್ಚಿಗೆ.

ಜೈನ ಗೃಹಸ್ಥನಿಗೆ ಈ ಮುದ್ದೆಯು ವಿಚಾರಕ್ಕೆ ವಿಷಯವಾಗಿದೆ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ತ್ಯಾಜ್ಯ ವಸ್ತುಗಳಲ್ಲಿ ನವನೀತವನ್ನು ಹೆಸರಿಸಿದೆ. ಅಮೃತಚಂದ್ರಸೂರಿಗಳ ಪುರುಷಾರ್ಥಸಿದ್ಧ್ಯುಪಾಯವು ಅದನ್ನು ಮದ್ಯ, ಮಾಂಸ, ಮಧುಗಳೊಡನೆ ಎಣಿಸಿದೆ. ಮಜ್ಜಿಗೆಯಿಂದ ಬೇರ್ಪಟ್ಟ ಬೆಣ್ಣೆ ಸೂಕ್ಷ್ಮಜೀವಗಳ ಉತ್ಪತ್ತಿಸ್ಥಾನವೆಂಬುದು ಕಾರಣ. ಆದ್ದರಿಂದಲೇ ಒಂದು ಮುಹೂರ್ತ, ಎಂದರೆ 48 ನಿಮಿಷ, ಕಳೆಯುವ ಮೊದಲೇ ಅದನ್ನು ಕಾಯಿಸಿ ತುಪ್ಪ ಮಾಡುವ ಆಚಾರವು ಅನೇಕ ಶ್ರಾವಕರ ಮನೆಗಳಲ್ಲಿ ನಡೆದುಬಂದಿದೆ.

ದಶಲಕ್ಷಣ ಪರ್ವಕ್ಕೆ ಮುಂಚೆ ಪೇಟೆಯ ಜೈನ ವ್ಯಾಪಾರಿಯೊಬ್ಬರು ಅಂಥದೊಂದು ಮನೆಗೆ ಹೋಗಿ, ಬೆಣ್ಣೆಯನ್ನು ಕೂಡಿಡದೆ ತೆಗೆದ ಕೂಡಲೇ ಕಾಯಿಸಿ ಕೊಡಬೇಕೆಂದು ಕೇಳಿದರು. ಮನೆಯ ಹಿರಿಯಳು ಒಪ್ಪಿದಳು. ಆದರೆ ಎಮ್ಮೆಯ ಹಾಲಿನಲ್ಲಿ ಜಿಡ್ಡು ಶೇಕಡಾ 7ರ ಆಸುಪಾಸು. ಒಂದು ಕಿಲೋ ತುಪ್ಪಕ್ಕೆ ಸುಮಾರು 15 ಲೀಟರ್ ಹಾಲು ಬೇಕು. ಅವರು ಕೇಳಿದ ತೂಕಕ್ಕೆ ಎರಡು ಎಮ್ಮೆಗಳ ಹಾಲು ಸಾಲದು. ಕರುಗಳಿಗೆ ಬಿಡುವುದನ್ನು ತುಸು ಕಡಿಮೆ ಮಾಡಿದರೆ ಹೊಂದೀತು, ಬೆಲೆಯನ್ನೂ ಹೆಚ್ಚಿಗೆ ಕೊಡುವೆನೆಂದರು ವ್ಯಾಪಾರಿ. ಹಣದ ಅಡಚಣೆಯಿದ್ದ ಮನೆಯದು. ಆದರೂ ಆಕೆ, “ಎರಡು ಮೊಲಿ ನಮಗ, ಎರಡು ಮೊಲಿ ಅದಕ್ಕರೀ ಸಾವ್ಕಾರ್ರ. ಅದರ ಬಾಯಿ ಕಟ್ಟಿ ನಿಮ್ಮ ಡಬ್ಬಿ ತುಂಬಸಂಗಿಲ್ಲ” ಎಂದಳು.

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಆಶ್ರಿತ ಪ್ರಾಣಿಯ ಆಹಾರವನ್ನು ತಡೆಯುವುದೇ ಕೊನೆಯದು. ಸೂತ್ರದ ಹೆಸರನ್ನೂ ಕೇಳದ ಆ ಒಕ್ಕಲಗಿತ್ತಿ ಅದನ್ನು ಪಾಲಿಸಿದಳು. ಸೂತ್ರವನ್ನು ನಿತ್ಯ ಪಠಿಸುವವರು ಲೆಕ್ಕದ ಭರದಲ್ಲಿ ಅದನ್ನು ಮರೆತರು. ಆ ವರ್ಷ ಅವರು ಸಿಕ್ಕಷ್ಟೇ ತುಪ್ಪವನ್ನು ಹಿಂದಿನ ದರಕ್ಕಿಂತ ಹೆಚ್ಚು ಕೊಟ್ಟು ಕೊಂಡರು.

ಕಣ್ಣಿಗೆ ಕಾಣದ ಜೀವಗಳಿಗಾಗಿ ಮುಹೂರ್ತ ಎಣಿಸುವುದು ಸಣ್ಣ ಧರ್ಮವಲ್ಲ. ಅದೇ ಕಣ್ಣು ಗೂಟದಲ್ಲಿ ಹಸಿದು ನಿಂತ ಕರುವಿನತ್ತಲೂ ಹೊರಳಬೇಕು. ತುಪ್ಪ ಕೊಳ್ಳುವ ಶ್ರಾವಕನು ಬೆಣ್ಣೆಯನ್ನು ಎಷ್ಟು ಹೊತ್ತಿಗೆ ಕಾಯಿಸಿದಿರಿ ಎಂದು ಕೇಳುವ ಮೊದಲು, ಕರು ಹೊಟ್ಟೆ ತುಂಬ ಕುಡಿಯಿತೇ ಎಂದು ಕೇಳಲಿ.