ಎಣ್ಣೆ ಸೋಸುವ ಡಬ್ಬಿ

ಸಂಸಾರಿಗೆ ಅಗ್ಗವೂ ಬೇಕು, ಬಾಳಿಕೆಯೂ ಬೇಕು. ಎರಡೂ ಒಂದೇ ಅಂಗಡಿಯಲ್ಲಿ ಸಿಗುವುದು ಅಪರೂಪ. ಸಿಕ್ಕರೂ ಗುರುತಿಸುವ ಕಣ್ಣು ಬೇಕು. ಬದನೆಕಾಯನ್ನು ತೊಟ್ಟು ನೋಡಿ, ಜೋಳವನ್ನು ಕಾಳು ನೋಡಿ ಆರಿಸಬಹುದು. ಮೋಟಾರಿನ ಆಯಿಲ್ ಫಿಲ್ಟರು ಹಾಗಲ್ಲ. ಅದು ಮುಚ್ಚಿದ ತಗಡಿನ ಡಬ್ಬಿ.

ನನ್ನದು ಹಳೆಯದೊಂದು ಸಣ್ಣ ಪೆಟ್ರೋಲ್ ಕಾರು. ವಾರಕ್ಕೆ ಎರಡು ಸಲ ತಾಯಿಯವರನ್ನು ಡಯಾಲಿಸಿಸ್ಸಿಗೆಂದು ಲಕ್ಷ್ಮೇಶ್ವರದಿಂದ ಗದಗಿಗೆ ಕರೆದೊಯ್ದು ತರುವುದೇ ಅದರ ಮುಖ್ಯ ಕೆಲಸ. ಹೋಗಿಬರಲು ಸುಮಾರು ೮೦ ಕಿಲೋಮೀಟರ್. ವರ್ಷಕ್ಕೆ ಎಂಟು ಸಾವಿರ ಮೀರುತ್ತದೆ. ಆದ್ದರಿಂದ ಆ ಎಂಜಿನ್ನು ನನಗೆ ಶೋಕಿಯ ವಸ್ತುವಲ್ಲ.

ಈ ಸಲ ಎಣ್ಣೆ ಬದಲಿಸುವಾಗ ಅಂಗಡಿಯವರು ಮೂರು ಡಬ್ಬಿಗಳನ್ನು ಮುಂದಿಟ್ಟರು: ೬೦ ರೂಪಾಯಿಯದು, ೧೪೦ರದು, ೨೨೦ರದು. “ಅರವತ್ತರದ್ದ ಹಾಕೂಣ್ರೀ ಸರ, ಎಲ್ಲಾ ಒಂದ ಅದಾವ” ಎಂದ ಗ್ಯಾರೇಜಿನ ಹುಡುಗ. ಹೊರಗೆ ಒಂದೇ ಇದ್ದವು, ನಿಜ. ಕಳಚಿ ಬಿಸಾಡಿದ್ದ ಹಳೆಯ ಡಬ್ಬಿಗಳೆರಡನ್ನು ಅವನ ಕೈಯಿಂದಲೇ ಕೊಯ್ಯಿಸಿದೆ. ಒಂದರಲ್ಲಿ ಸೀರೆಯ ನಿರಿಗೆಯಂತೆ ಒತ್ತೊತ್ತಾಗಿ ಮಡಿಸಿದ ಕಾಗದ. ಇನ್ನೊಂದರಲ್ಲಿ ನಿರಿಗೆ ವಿರಳ, ಅಂಟು ಬಿಟ್ಟಿತ್ತು. ಬೆಲೆಯ ಗುಟ್ಟು ಅಲ್ಲಿತ್ತು.

ಎಣ್ಣೆ ಡಬ್ಬಿಯ ಅಂಚಿನ ತೂತುಗಳಿಂದ ಒಳಹೊಕ್ಕು, ಕಾಗದವನ್ನು ಹಾಯ್ದು, ನಡುವಿನ ದೊಡ್ಡ ತೂತಿನಿಂದ ಎಂಜಿನ್ನಿಗೆ ಮರಳುತ್ತದೆ. ಮಸಿಯೂ ಲೋಹದ ಸವಕಲೂ ಕಾಗದದಲ್ಲಿ ನಿಲ್ಲುತ್ತವೆ. (ನಮ್ಮ ಎರೆನೆಲದ ಧೂಳನ್ನು ತಡೆಯುವುದು ಮೊದಲಿಗೆ ಗಾಳಿಯ ಫಿಲ್ಟರಿನ ಕೆಲಸ.) ಕಾಗದ ಕಟ್ಟಿಕೊಂಡರೆ ಒಂದು ಕವಾಟ ತೆರೆದು ಸೋಸದ ಎಣ್ಣೆಯನ್ನೇ ಬಿಡುತ್ತದೆ, ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆ ವಾಸಿ. ರಬ್ಬರಿನ ಇನ್ನೊಂದು ಕವಾಟ, ಗಾಡಿ ನಿಂತಾಗ ಎಣ್ಣೆ ಹಿಂದಕ್ಕೆ ಸೋರದಂತೆ ಹಿಡಿಯುತ್ತದೆ. ಅದು ಬಿರುಸಾದರೆ ಮುಂಜಾನೆ ಗಾಡಿ ಚಾಲೂ ಮಾಡಿದ ಗಳಿಗೆಯಲ್ಲಿ ಎಂಜಿನ್ನು ಎಣ್ಣೆಗಾಗಿ ಕಾಯಬೇಕಾಗುತ್ತದೆ. ಇಂಥ ಉಪಕರಣವನ್ನು ಅಮೆರಿಕದ ಸ್ವೀಟ್‌ಲ್ಯಾಂಡ್ ಮತ್ತು ಗ್ರೀನ್‌ಹಾಲ್ಗ್ ೧೯೨೩ರಲ್ಲಿ ರೂಪಿಸಿ ಪ್ಯೂರೊಲೇಟರ್ ಎಂದು ಕರೆದರು. ತಿರುಗಿಸಿ ಕೂಡಿಸುವ ಡಬ್ಬಿ ಬಳಕೆಗೆ ಬಂದದ್ದು ೧೯೫೦ರ ದಶಕದಲ್ಲಿ.

ನಾನು ಕೊಂಡದ್ದು ೧೪೦ರದು. ಕಾರಿನ ಕಂಪನಿಗಳು ಫಿಲ್ಟರುಗಳನ್ನು ಎಷ್ಟೋ ವೇಳೆ ಬೇರೆ ಕಾರಖಾನೆಗಳಿಂದ ಮಾಡಿಸಿಕೊಳ್ಳುತ್ತವೆ. ಅದೇ ಕಾರಖಾನೆಯವರು ತಮ್ಮ ಹೆಸರಿನ ಪೆಟ್ಟಿಗೆಯಲ್ಲಿ ಮಾರಿದರೆ ಬೆಲೆ ಇಳಿಯುತ್ತದೆ. ಕಾರಿನ ಮಾದರಿಗೆ ಹೊಂದುವ ಸಂಖ್ಯೆಯನ್ನು ನೋಡಿದೆ, ಅಚ್ಚು ಮಸುಕಾಗಿಲ್ಲವೆಂದು ನೋಡಿದೆ, ರಸೀದಿ ಕೇಳಿದೆ. ಹಳೆಯ ರಬ್ಬರಿನ ಬಳೆ ಎಂಜಿನ್ನಿಗೆ ಅಂಟಿ ಉಳಿದಿಲ್ಲವೆಂದು ಖಾತ್ರಿಮಾಡಿ, ಹೊಸದಕ್ಕೆ ಎಣ್ಣೆ ಸವರಿ, ಹುಡುಗ ಕೈಯಿಂದಲೇ ಬಿಗಿದ. ಅಗ್ಗದ್ದಕ್ಕಿಂತ ಹೆಚ್ಚು ಕೊಟ್ಟದ್ದು ೮೦ ರೂಪಾಯಿ. ಎಂಟು ಸಾವಿರ ಕಿಲೋಮೀಟರಿಗೆ ಹಂಚಿದರೆ ಕಿಲೋಮೀಟರಿಗೆ ಒಂದು ಪೈಸೆ!

ಕನ್ನಡ ಮೇಷ್ಟರಿಗೆ ಇಲ್ಲಿ ಒಂದು ಮಾತು ತೋಚದೆ ಇರದು. ‘ಶೋಧಿಸು’ ಎಂದರೆ ಹುಡುಕು. ‘ಶೋಧಿಸು’ ಎಂದರೆ ಸೋಸು. ಸೋಸದೆ ಹುಡುಕುವುದು ಹೇಗೆ? ನಮ್ಮೂರು ಹಿಂದಿನ ಪುಲಿಗೆರೆ; ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳನ್ನು ಕಂಡ ನಾಲ್ಕು ಊರುಗಳಲ್ಲಿ ಇದೂ ಒಂದು. ತಿರುಳಿನ ಊರಲ್ಲಿದ್ದು ಬರಿಯ ತಗಡಿಗೆ ಮರುಳಾಗುವುದು ತರವೇ?

ವಿಷಯ ತಿಳಿದ ತಾಯಿ, “ನನಗೊಂದು ಸೋಸೂದು, ನಿನ್ನ ಗಾಡಿಗೊಂದು ಸೋಸೂದು. ಎರಡೂ ಛಲೋ ಇರಲೆಪಾ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬಡವ ಕಾಸು ಉಳಿಸಲೇಬೇಕು. ಆದರೆ ಯಾವುದರಲ್ಲಿ ಉಳಿಸಬಾರದು ಎಂಬುದೂ ಉಳಿತಾಯದ ಲೆಕ್ಕದಲ್ಲೇ ಸೇರುತ್ತದೆ.