ಕೆಮ್ಮಿನ ಔಷಧಿ ಕೊಟ್ಟು ಕಳಿಸಿಬಿಟ್ರು

ಬೆಂಗಳೂರಿನ ಬಳ್ಳಾರಿ ರೋಡಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಇದೆ. ಬಸ್ಸಲ್ಲಿ ಹೋಗ್ವಾಗ ಬೋರ್ಡ್ ನೋಡಿರ್ತೀರಿ. 1959ರಲ್ಲಿ ಅದು ಶುರುವಾದಾಗ ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ದುಡಿದವರಲ್ಲಿ ಒಬ್ಬರು ಹಾಫ್‌ಡಾನ್ ಮಾಲರ್. ಡೆನ್ಮಾರ್ಕಿನ ಡಾಕ್ಟರು. 1951ರಿಂದ ಸುಮಾರು ಹತ್ತು ವರ್ಷ ಭಾರತದಲ್ಲೇ ಟಿಬಿ ಕೆಲಸ ಮಾಡಿದವರು.

ಹಳ್ಳಿಯವರಿಗೆ ಅರಿವಿಲ್ಲ, ಆಸ್ಪತ್ರೆಗೆ ಬರಲ್ಲ ಅಂತ ನಾವು ಸುಲಭವಾಗಿ ಅಂದುಬಿಡ್ತೀವಲ್ಲ? ಅದೇ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಗೆ ಹೋಗಿ ರೋಗಿಗಳನ್ನೇ ಕೇಳಿದ್ರು. 1963ರಲ್ಲಿ ಅದು ಪ್ರಕಟವಾಯ್ತು. ಅರ್ಧದಷ್ಟು ಜನ ತಾವಾಗೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ರು! ಆದ್ರೆ ಸರ್ಕಾರಿ ಆಸ್ಪತ್ರೆಗೆ ಹೋದವರಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಒಂದು ಬಾಟಲಿ ಕೆಮ್ಮಿನ ಔಷಧಿ, ಅಷ್ಟೇ.

ಯೋಚನೆ ಮಾಡಿ. ತಪ್ಪು ಯಾರದು? ರೋಗಿ ಬಂದಿದ್ದ. ನೋಡಬೇಕಾದವರು ನೋಡಲಿಲ್ಲ.

ಮಾಲರ್ ಮುಂದೆ 1973ರಿಂದ 1988ರವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದ್ರು. ಸಿಡುಬು ತೊಲಗಿತು ಅಂತ 1980ರಲ್ಲಿ ಘೋಷಣೆಯಾಗಿದ್ದು ಅವರ ಕಾಲದಲ್ಲೇ. 1978ರಲ್ಲಿ ಸೋವಿಯತ್ ಒಕ್ಕೂಟದ ಅಲ್ಮಾ ಅಟಾದಲ್ಲಿ ಜಗತ್ತಿನ ಬಹುತೇಕ ದೇಶಗಳು ಸೇರಿದಾಗ ಅವರು ಹಿಡಿದ ಪಟ್ಟು ಒಂದೇ: ದೊಡ್ಡ ಊರಿನ ದೊಡ್ಡ ಆಸ್ಪತ್ರೆ ಸಾಲದು, ಮನೆ ಹತ್ರದಲ್ಲೇ ಒಳ್ಳೆ ಚಿಕಿತ್ಸೆ ಸಿಗಬೇಕು. 2000ದೊಳಗೆ ಎಲ್ಲರಿಗೂ ಆರೋಗ್ಯ ಅನ್ನೋದು ಗುರಿ. ಮುಟ್ಟಲಿಲ್ಲ, ನಿಜ. 2016ರಲ್ಲಿ ಅವರು ತೀರಿಕೊಂಡ್ರು.

ಗುರಿ ಇನ್ನೂ ಬಾಕಿ ಇದೆ, ನಮ್ಮ ಪಾಲೂ ಇದೆ. ಮನೇಲಿ, ಹಾಸ್ಟೆಲಲ್ಲಿ ಯಾರಿಗಾದ್ರೂ ಎರಡು ವಾರ ದಾಟಿದ ಕೆಮ್ಮಿದ್ಯಾ? ಸಿರಪ್ ಕೊಟ್ಟು ಸುಮ್ಮನಾಗ್ಬೇಡಿ. ಸರ್ಕಾರಿ ಆಸ್ಪತ್ರೆಗೆ ಜೊತೇಲಿ ಹೋಗಿ, ಕಫ ಪರೀಕ್ಷೆ ಮಾಡಿ ಅಂತ ಬಾಯಿಬಿಟ್ಟು ಕೇಳಿ. ಪರೀಕ್ಷೆ ಫ್ರೀ, ಟಿಬಿ ಇದ್ರೆ ಮಾತ್ರೆನೂ ಫ್ರೀ.

#ಎಲ್ಲರಿಗೂಆರೋಗ್ಯ #ಕ್ಷಯ #ಕನ್ನಡದಲ್ಲಿಓದಿ