ಅಂಗಳದಲ್ಲಿ ಹೆಡ್ ಇಳಿಸಿದ ಭಾನುವಾರಗಳು

ಫಿಯಟ್ ಹೀಟಾಯಿತು ಎಂದರೆ ಮುಂದಿನ ಭಾನುವಾರ ಯಾರೂ ಎಲ್ಲಿಗೂ ಹೋಗುವ ಹಾಗಿಲ್ಲ ಎಂದೇ ನಮ್ಮ ಮನೆಯಲ್ಲಿ ಅರ್ಥ. ಹೆಡ್ ಇಳಿಸಬೇಕು. ಅಪ್ಪಯ್ಯ, ಚಿಕ್ಕಪ್ಪ, ಅಕ್ಕ, ಅಣ್ಣ, ನಾನು, ಬೇಸಿಗೆ ರಜೆಯಾದರೆ ಅತ್ತೆಯ ಮಕ್ಕಳು, ಎಲ್ಲರಿಗೂ ಒಂದೊಂದು ಕೆಲಸ ಕಾದಿರುತ್ತಿತ್ತು.

ತೀರ್ಥಹಳ್ಳಿ ಸೀಮೆಯವರಿಗೆ ಈ ಕೆಲಸ ತಪ್ಪಿದ್ದಲ್ಲ. ಉಡುಪಿಗೆ ಇಳಿಯುವುದು ಸುಲಭ. ವಾಪಸು ಬರುವಾಗ ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಬೇಕು, 14 ಹೇರ್‌ಪಿನ್ ತಿರುವು. ಕಾರಿನ ತುಂಬ ಜನ, ಡಿಕ್ಕಿಯ ತುಂಬ ತೆಂಗಿನಕಾಯಿ, ಫಸ್ಟ್ ಗೇರ್, ಸೆಕೆಂಡ್ ಗೇರ್, ಮುಂದೆ ಲಾರಿ. ಇಂಜಿನ್ ಪೂರ್ತಿ ದುಡಿಯುತ್ತಿದೆ, ಕಾರು ಮಾತ್ರ ನಡೆಯುವವರ ವೇಗದಲ್ಲಿದೆ. ಎದುರುಗಾಳಿ ಇಲ್ಲದೆ ಬೆಲ್ಟಿನ ಫ್ಯಾನ್ ಒಂದೇ ರೇಡಿಯೇಟರ್ ತಣಿಸಬೇಕು. ಮೇಲಿನ ತಿರುವಿಗೆ ಬರುವಷ್ಟರಲ್ಲಿ ಬಾನೆಟ್ ಸಂದಿಯಿಂದ ಹಬೆ ಏಳುತ್ತಿತ್ತು. ಅಪ್ಪಯ್ಯ ಕಾರನ್ನು ಬದಿಗೆ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರ್ ಮುಚ್ಚಳ ಮುಟ್ಟದಂತೆ ನಮ್ಮನ್ನೆಲ್ಲ ದೂರ ಕೂರಿಸುತ್ತಿದ್ದರು. ಆ ಬಿಸಿನೀರು ಮುಖಕ್ಕೆ ಹಾರಿದರೆ ಮುಗಿಯಿತು.

ಆ ಕಾಲದಲ್ಲಿ ಕಾರು ಎಂದರೆ ಮೂರೇ: ಅಂಬಾಸಿಡರ್, ಫಿಯಟ್, ಮದ್ರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್. ನಮ್ಮದು ಮುಂಬೈಯ ಕುರ್ಲಾದಲ್ಲಿ ತಯಾರಾಗುತ್ತಿದ್ದ ಫಿಯಟ್, 1089 ಸಿ.ಸಿ., ನಾಲ್ಕು ಸಿಲಿಂಡರ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರ್ ಕೋಲು. 1970ರ ದಶಕದಲ್ಲಿ ಅದೇ ಕಾರಿಗೆ ಪ್ರೀಮಿಯರ್ ಪದ್ಮಿನಿ ಎಂಬ ಹೆಸರು ಬಂತು, ಆದರೂ ಊರಿನವರ ಬಾಯಲ್ಲಿ ಅದು ಕೊನೆಯವರೆಗೂ ಫಿಯಟ್ಟೇ. ಹೆಸರು ಬದಲಾದರೂ ಇಂಜಿನ್ ಬದಲಾಗಲಿಲ್ಲ, ಇದನ್ನು ಆ ಕಾರಿನ ದೊಡ್ಡ ಗುಣವೆಂದೇ ನಾನು ಎಣಿಸುತ್ತೇನೆ. ಒಂದು ಫಿಯಟ್ ಬಿಚ್ಚಿ ಕಲಿತವನಿಗೆ ಊರಿನ ಎಲ್ಲ ಫಿಯಟ್ಟೂ ಅರ್ಥವಾಗುತ್ತಿತ್ತು.

ಅದರ ಬ್ಲಾಕ್ ಎರಕದ ಕಬ್ಬಿಣದ್ದು, ಮೇಲೆ ಕೂರುವ ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ಹಾಗೆ ಹೊಂದದ ಎರಡರ ನಡುವೆ ತೆಳ್ಳನೆಯ ಒಂದು ಗ್ಯಾಸ್ಕೆಟ್ ಕೂತು ಸಿಲಿಂಡರಿನೊಳಗಿನ ಬೆಂಕಿಯನ್ನೂ ಸುತ್ತಲಿನ ನೀರನ್ನೂ ಆಯಿಲನ್ನೂ ಒಂದಕ್ಕೊಂದು ಸೇರದಂತೆ ಕಾಯಬೇಕು. ಇಂಜಿನ್ ಅತಿಯಾಗಿ ಕಾದು ಹೆಡ್ ಕೂದಲೆಳೆಯಷ್ಟು ಬಾಗಿದರೂ ಸಾಕು, ಬೆಂಕಿ ದಾರಿ ಹುಡುಕಿಕೊಳ್ಳುತ್ತದೆ. ಮಾರನೆಯ ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಅಪ್ಪಯ್ಯ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸುತ್ತಿದ್ದರು. ನೀರಿನಲ್ಲಿ ಎಡೆಬಿಡದೆ ಗುಳ್ಳೆ ಬಂದರೆ, ಆಯಿಲ್ ಕಡ್ಡಿಯಲ್ಲಿ ಬೆಳ್ಳನೆಯ ನೊರೆ ಕಂಡರೆ, ಎರಡು ಸಿಲಿಂಡರ್ ಒಟ್ಟಿಗೆ ಮಿಸ್ ಹೊಡೆದರೆ, ಇನ್ನು ಮಾತಿಲ್ಲ. "ಗ್ಯಾಸ್ಕೆಟ್ ಹೋಯ್ತು" ಎಂದು ಅವರು ಅಂಗಿಯ ತೋಳು ಮಡಚುತ್ತಿದ್ದರು.

ಶನಿವಾರ ರಾತ್ರಿಯೇ ರೇಡಿಯೇಟರಿನ ನೀರು ಬಿಟ್ಟು, ಬ್ಯಾಟರಿಯ ವಯರ್ ಕಳಚಿ ಇಡುವುದು ಪದ್ಧತಿ. ಬಿಸಿ ಇಂಜಿನ್ನಿಗೆ ಯಾರೂ ಸ್ಪ್ಯಾನರ್ ಹಾಕಕೂಡದು, ಕಾದಿರುವಾಗ ನಟ್ ಸಡಿಲಿಸಿದರೆ ಹೆಡ್ ಇನ್ನಷ್ಟು ಬಾಗುತ್ತದೆ. ಭಾನುವಾರ ಬೆಳಿಗ್ಗೆ ಧೂಳು ಏಳದ ಹಾಗೆ ಅಂಗಳಕ್ಕೆ ನೀರು ಚಿಮುಕಿಸಿ, ಅಡಿಕೆ ಒಣಗಿಸುವ ಚಪ್ಪರದ ಅಡಿಗೆ ಕಾರನ್ನು ತಳ್ಳುತ್ತಿದ್ದೆವು. ಅಮ್ಮ ಹಳೆಯ ಪಂಚೆ ಹರಿದು ಒರಸುವ ಬಟ್ಟೆ ಮಾಡಿ ಕೊಟ್ಟು, "ಊಟಕ್ಕೆ ಕೂರುವಾಗ ಕೈಯಲ್ಲಿ ಸೀಮೆಎಣ್ಣೆ ವಾಸನೆ ಇರಕೂಡದು" ಎಂದು ಹೇಳಿ ಒಳಗೆ ಹೋಗುತ್ತಿದ್ದಳು.

ಕಳಚಿದ್ದನ್ನೆಲ್ಲ ಇಡಲು ಅಡಿಕೆ ಹಾಳೆಗಳು. ಕಾರ್ಬುರೇಟರಿನ ನಟ್ಟುಗಳಿಗೆ ಒಂದು ಹಾಳೆ, ಮ್ಯಾನಿಫೋಲ್ಡಿನವಕ್ಕೆ ಇನ್ನೊಂದು, ರಾಕರ್ ಶಾಫ್ಟಿಗೆ ಉದ್ದನೆಯದೊಂದು. ಪುಷ್‌ರಾಡುಗಳು ಎಂಟು. ಅವು ಒಂದೇ ತರಹ ಕಂಡರೂ ಪ್ರತಿಯೊಂದೂ ತನ್ನ ಜಾಗದಲ್ಲೇ ಸವೆದಿರುತ್ತದೆ, ಅದಲುಬದಲು ಆಗಬಾರದು. ಅಣ್ಣ ಒಂದು ರಟ್ಟಿಗೆ ಎಂಟು ತೂತು ಕೊರೆದು ನಂಬರ್ ಬರೆದಿಟ್ಟಿರುತ್ತಿದ್ದ. ಚಿಕ್ಕಪ್ಪ ಒಂದೊಂದನ್ನೇ ಮೇಲಕ್ಕೆಳೆದು ಕೊಟ್ಟ ಹಾಗೆ ಅದರಲ್ಲಿ ಸಿಕ್ಕಿಸುವುದು ನನ್ನ ಕೆಲಸ. ಆ ರಟ್ಟನ್ನು ಹಿಡಿದು ನಿಂತಾಗ ಮನೆಯ ಕಾರು ಪೂರ್ತಿ ನನ್ನ ಕೈಯಲ್ಲಿದೆ ಎನ್ನುವಷ್ಟು ಹೆಮ್ಮೆ ನನಗೆ.

ನಟ್ಟುಗಳೆಲ್ಲ ಸಡಿಲವಾದರೂ ಹೆಡ್ ಅಲುಗುತ್ತಿರಲಿಲ್ಲ. ಸಂದಿಗೆ ಸ್ಕ್ರೂಡ್ರೈವರ್ ತುರುಕಿ ಮೀಟುವವರನ್ನು ಕಂಡರೆ ಚಿಕ್ಕಪ್ಪನಿಗೆ ಸಿಟ್ಟು ಬರುತ್ತಿತ್ತು. ಒಂದು ಗೀರು ಬಿದ್ದರೂ ಅಲ್ಲಿಂದಲೇ ಮತ್ತೆ ಸೋರುತ್ತದೆ. ಅವರು ಪ್ಲಗ್ಗುಗಳನ್ನು ಹಾಗೇ ಬಿಟ್ಟು, ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಲು ಅಣ್ಣನಿಗೆ ಹೇಳುತ್ತಿದ್ದರು. ಪುಷ್‌ರಾಡ್ ತೆಗೆದಿರುವುದರಿಂದ ವಾಲ್ವುಗಳೆಲ್ಲ ಮುಚ್ಚಿರುತ್ತವೆ, ಸಿಲಿಂಡರಿನೊಳಗೆ ಸಿಕ್ಕಿಬಿದ್ದ ಗಾಳಿಯೇ ಹೆಡ್ಡನ್ನು ಕೆಳಗಿಂದ ಒತ್ತುತ್ತದೆ. 'ಟಪ್' ಎಂದು ಸಣ್ಣ ಸದ್ದು. ಹೆಡ್ ಬಿಟ್ಟುಕೊಂಡಿತು. ಆ ಸದ್ದಿಗೆ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿದ್ದೆವು.

ಹೆಡ್ ಎತ್ತಿ ಬೆಂಚಿನ ಮೇಲೆ ಮಗುಚಿದರೆ ಹಾನಿ ಎಲ್ಲಾಗಿದೆ ಎಂದು ಕಣ್ಣಿಗೇ ಕಾಣುತ್ತಿತ್ತು. ಸಾಮಾನ್ಯವಾಗಿ ಎರಡು ಮತ್ತು ಮೂರನೆಯ ಸಿಲಿಂಡರ್‌ಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ, ತಾಮ್ರದ ತಗಡು ಕರ್ರಗಾಗಿ, ಬೆಂಕಿ ಹಾದುಹೋದ ಗುರುತು. ಅಪ್ಪಯ್ಯ ನಮ್ಮನ್ನು ಒಬ್ಬೊಬ್ಬರನ್ನಾಗಿ ಕರೆದು ಅದನ್ನು ತೋರಿಸುತ್ತಿದ್ದರು. ಇಷ್ಟು ಸಣ್ಣ ಜಾಗದಿಂದ ಇಡೀ ಕಾರು ನಿಂತಿತು ಎಂದು ಪ್ರತಿ ಸಲವೂ ಹೇಳುತ್ತಿದ್ದರು, ನಾವೂ ಪ್ರತಿ ಸಲವೂ ಹೊಸದಾಗಿ ಕೇಳುತ್ತಿದ್ದೆವು.

ಹೆಡ್ ಬಾಗಿದೆಯೇ ಎಂದು ನೋಡಲು ಅಪ್ಪಯ್ಯನ ಬರೆಯುವ ಮೇಜಿನ ದಪ್ಪ ಗಾಜು ಅಂಗಳಕ್ಕೆ ಬರುತ್ತಿತ್ತು. ಗಾಜಿನ ಮೇಲೆ ಹೆಡ್ಡಿಟ್ಟು ಸುತ್ತಲೂ ಫೀಲರ್ ಗೇಜಿನ ತೆಳ್ಳನೆಯ ಎಲೆ ತೂರಿಸಿ ನೋಡುವುದು. ಎಲ್ಲಿಯೂ ತೂರದಿದ್ದರೆ ಸಂಜೆಯೊಳಗೆ ಕೆಲಸ ಮುಗಿಯಿತು. ತೂರಿತೋ, ಮಾರನೆಯ ದಿನ ಹೆಡ್ಡನ್ನು ಗೋಣಿಯಲ್ಲಿ ಸುತ್ತಿಕೊಂಡು ಅಣ್ಣನೂ ನಾನೂ ಬಸ್ಸಿನಲ್ಲಿ ಶಿವಮೊಗ್ಗಕ್ಕೆ. ಅಲ್ಲಿ ಫೇಸಿಂಗ್ ಹಾಕುವವರಿಗೆ ಅಪ್ಪಯ್ಯ ಹೇಳಿ ಕಳಿಸುತ್ತಿದ್ದ ಮಾತು ಒಂದೇ, ಆದಷ್ಟು ಕಡಿಮೆ ತೆಗೆಯಿರಿ. ಒಮ್ಮೆ ಕೆತ್ತಿದ ಲೋಹ ಮತ್ತೆ ಬರುವುದಿಲ್ಲ. ಹೊಸ ಗ್ಯಾಸ್ಕೆಟ್ ಅಲ್ಲಿ ಸಿಗದಿದ್ದರೆ ಬೆಂಗಳೂರಿಗೆ ಹೋಗುವ ಯಾರಿಗಾದರೂ ಜೆ.ಸಿ. ರಸ್ತೆಯಿಂದ ತರಲು ಹೇಳಬೇಕಿತ್ತು. ಊರಿನ ಅರ್ಧ ಜನ ಆ ರಸ್ತೆಯನ್ನು ನೋಡಿದ್ದೇ ಹೀಗೆ ಬೇರೆಯವರ ಕಾರಿನ ಸಾಮಾನು ತರಲು ಹೋಗಿ.

ಹೇಗೂ ಹೆಡ್ ಇಳಿದಿದೆ ಎಂದು ವಾಲ್ವ್ ಗ್ರೈಂಡಿಂಗ್ ಕೂಡ ಆಗಲೇ ಆಗುತ್ತಿತ್ತು. ಅದು ಅಕ್ಕನ ಕೆಲಸ. ತುದಿಗೆ ರಬ್ಬರ್ ಬಟ್ಟಲಿರುವ ಕೋಲನ್ನು ವಾಲ್ವಿಗೆ ಅಂಟಿಸಿ, ಅಂಚಿಗೆ ಗ್ರೈಂಡಿಂಗ್ ಪೇಸ್ಟ್ ಸವರಿ, ಎರಡೂ ಅಂಗೈ ನಡುವೆ ಕಡೆಗೋಲು ಆಡಿಸುವಂತೆ ತಿರುಗಿಸಬೇಕು. ಸ್ವಲ್ಪ ತಿರುಗಿಸಿ, ಎತ್ತಿ, ಜಾಗ ಬದಲಿಸಿ ಮತ್ತೆ ತಿರುಗಿಸಬೇಕು. ಅಣ್ಣನೂ ನಾನೂ ಎರಡು ನಿಮಿಷಕ್ಕೆ ಬೇಸತ್ತು ಒತ್ತಿ ಉಜ್ಜುತ್ತಿದ್ದೆವು. ಅಕ್ಕ ಒತ್ತುತ್ತಿರಲಿಲ್ಲ. ಗರಗರ ಸದ್ದು ಮೆತ್ತಗಾಗುವವರೆಗೆ ತಿರುಗಿಸಿ, ಒರಸಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದಳು. ವಾಲ್ವಿನ ಅಂಚಿನಲ್ಲಿ ಎಲ್ಲೂ ತುಂಡಾಗದ, ಒಂದೇ ಅಗಲದ ಬೂದು ಬಣ್ಣದ ಉಂಗುರ ಮೂಡಬೇಕು. ಆಮೇಲೆ ಸ್ಪ್ರಿಂಗ್ ಹಾಕಿ ಪೋರ್ಟಿನೊಳಗೆ ಸೀಮೆಎಣ್ಣೆ ಸುರಿದು ಕಾಯುವುದು. ಅವಳು ಕೂರಿಸಿದ ವಾಲ್ವಿನಿಂದ ಒಂದು ಹನಿಯೂ ಜಿನುಗುತ್ತಿರಲಿಲ್ಲ. ಚಿಕ್ಕಪ್ಪ ಯಾರನ್ನೂ ಹೊಗಳುವವರಲ್ಲ. "ಹುಡುಗಿ ಕೈ ಕೂತಿದೆ ಮಾರಾಯ" ಎಂದು ಅಪ್ಪಯ್ಯನಿಗೆ ಹೇಳಿದ್ದನ್ನು ಅಕ್ಕ ಇವತ್ತಿಗೂ ಮರೆತಿಲ್ಲ.

ಹೆಡ್ ಕೂರಿಸುವುದು ಎಲ್ಲಕ್ಕಿಂತ ಶಿಸ್ತಿನ ಕೆಲಸ. ಗ್ಯಾಸ್ಕೆಟ್ಟಿನ ಪ್ರತಿಯೊಂದು ನೀರಿನ ತೂತೂ ಬ್ಲಾಕಿನ ತೂತಿಗೆ ಸರಿಯಾಗಿ ಕೂತಿದೆಯೇ ಎಂದು ನೋಡಿ, ಹೆಡ್ಡನ್ನು ಇಬ್ಬರು ಹಿಡಿದು ನೇರವಾಗಿ ಇಳಿಸಬೇಕು. ಬಿಗಿಯುವುದು ನಡುವಿನ ನಟ್ಟಿನಿಂದ ಶುರು, ಎಡಕ್ಕೊಂದು, ಬಲಕ್ಕೊಂದು, ಹೀಗೆ ಅಂಚಿನವರೆಗೆ. ಒಂದೇ ಸಲಕ್ಕೆ ಪೂರ್ತಿ ಬಿಗಿಯುವ ಹಾಗಿಲ್ಲ, ಮೊದಲ ಸುತ್ತು ಹಗುರ, ಮುಂದಿನದು ಇನ್ನಷ್ಟು, ಕೊನೆಯದು ಪೇಟೆಯ ವರ್ಕ್‌ಶಾಪಿನಿಂದ ಎರವಲು ತಂದ ಟಾರ್ಕ್ ರೆಂಚಿನಲ್ಲಿ. ಯಾವ ನಟ್ಟಿನ ನಂತರ ಯಾವುದು ಎಂದು ಸೀಮೆಸುಣ್ಣದಲ್ಲಿ ಅಂಗಳದ ಕಲ್ಲಿನ ಮೇಲೆ ಬರೆದಿರುತ್ತಿತ್ತು. ನಾವು ಮಕ್ಕಳು ನಂಬರ್ ಕೂಗಬೇಕು, ಚಿಕ್ಕಪ್ಪ ಬಿಗಿಯಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಉತ್ತರವಿಲ್ಲ.

ಟ್ಯಾಪೆಟ್ ಸೆಟ್ ಮಾಡಿ, ನೀರು ತುಂಬಿಸಿ, ಹೊಸ ಆಯಿಲ್ ಹಾಕಿ ಸ್ಟಾರ್ಟ್ ಮಾಡಿದರೆ ಮೊದಲು ಸೈಲೆನ್ಸರಿನಿಂದ ಒಂದಿಷ್ಟು ಹೊಗೆ. ಯಾರೂ ಹೆದರುತ್ತಿರಲಿಲ್ಲ, ಸುತ್ತಮುತ್ತ ಅಂಟಿದ ಎಣ್ಣೆ ಸುಡುತ್ತಿದೆ ಅಷ್ಟೆ. ಎಲ್ಲರ ಕಣ್ಣೂ ರೇಡಿಯೇಟರ್ ಬಾಯಿಯ ಮೇಲೆ. ನೀರು ಒಂದೇ ಸಮನೆ ಹರಿದು ಗುಳ್ಳೆ ಬರದಿದ್ದರೆ ಅಮ್ಮ ಒಳಗಿನಿಂದ ಕಾಫಿ ತರುತ್ತಿದ್ದಳು. ಇಂಜಿನ್ ತಣಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕು, ಕಾರು ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ. ಈ ಎರಡನೆಯದನ್ನು ಸೋಮಾರಿತನದಿಂದ ಬಿಟ್ಟವರ ಕಾರು ಬೇಗ ಮತ್ತೆ ಘಾಟಿಯಲ್ಲಿ ನಿಲ್ಲುತ್ತಿತ್ತು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದ ಮೇಲೆ ಘಾಟಿಯ ಬದಿಯಲ್ಲಿ ಹಬೆಯಾಡುತ್ತ ನಿಲ್ಲುವ ಕಾರುಗಳು ಕಡಿಮೆಯಾಗುತ್ತ ಬಂದವು. ಒಳ್ಳೆಯದೇ ಆಯಿತು. ಮುಂಬೈಯ ಟ್ಯಾಕ್ಸಿಗಳಲ್ಲಿ ಉಳಿದಿದ್ದ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರ್ ಕೊನೆಗೆ ರಸ್ತೆ ಬಿಟ್ಟಿತು. ಆ ಸುದ್ದಿ ಓದಿ ಅಕ್ಕ ನನಗೆ ಫೋನ್ ಮಾಡಿದಳು. ಬಹಳ ಹೊತ್ತು ಮಾತಾಡಿದೆವು, ವಾಲ್ವುಗಳ ಬಗ್ಗೆ, ಅಪ್ಪಯ್ಯನ ಮೇಜಿನ ಗಾಜಿನ ಬಗ್ಗೆ. ಒಂದೇ ಬಾನೆಟ್ಟಿನ ಸುತ್ತ ಮನೆಯ ಅಷ್ಟೂ ಮಂದಿ ಇಡೀ ದಿನ ಕೂತು, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೆಲಸ ಸಾಗಿಸಿದ ಅಂಥ ಸಂದರ್ಭ ಆಮೇಲೆ ನಮ್ಮ ಮನೆಯಲ್ಲಿ ಬರಲಿಲ್ಲ. ಮದುವೆಗಳಲ್ಲೂ ಬರಲಿಲ್ಲ.

ಮಲೆನಾಡಿನ ಕೆಲವು ಮನೆಗಳ ಕೊಟ್ಟಿಗೆಯ ಪಕ್ಕ ಈಗಲೂ ಟಾರ್ಪಾಲ್ ಹೊದ್ದ ಫಿಯಟ್ ನಿಂತಿರುವುದನ್ನು ನೋಡುತ್ತೇನೆ. ಅವರಲ್ಲಿ ನನ್ನದೊಂದು ವಿನಂತಿ. ಅದನ್ನು ಗುಜರಿಗೆ ಕೊಡಬೇಡಿ. ಹೆಡ್ ಇಳಿಸುವ ಕೆಲಸ ಬಂದರೆ ರಜೆಗೆ ಬಂದ ಮಕ್ಕಳನ್ನು ಕರೆದು ಪುಷ್‌ರಾಡಿನ ರಟ್ಟನ್ನು ಅವರ ಕೈಗೆ ಕೊಡಿ. ಆದರೆ ಹಳೆಯ ಗ್ಯಾಸ್ಕೆಟ್ ಕೆರೆಯುವಾಗ ಮಾತ್ರ ಅವರನ್ನು ದೂರ ಇಡಿ. ಆ ಕಾಲದ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು ಎಂದು ಆಗ ನಮ್ಮ ಅಂಗಳದಲ್ಲಿ ಯಾರಿಗೂ ಗೊತ್ತಿರಲಿಲ್ಲ. ನೀವು ಒದ್ದೆ ಮಾಡಿಯೇ ಕೆರೆಯಿರಿ, ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ, ಪುಡಿಯನ್ನು ಬಾಯಿಂದ ಊದಬೇಡಿ.